ಹಸಿರು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ

ಕಂಪ್ಯೂಟರು, ಮೊಬೈಲು, ದತ್ತಾಂಶ ಕೇಂದ್ರ ಹಾಗೂ ದೂರಸಂಪರ್ಕ ಜಾಲಗಳನ್ನು ಕಡಿಮೆ ವಿದ್ಯುತ್ತಿನಲ್ಲಿ ನಡೆಯುವಂತೆ, ನೆಲ ನೀರು ಗಾಳಿಗೆ ಆದಷ್ಟು ಕಡಿಮೆ ಹಾನಿಯಾಗುವಂತೆ ರೂಪಿಸುವ, ತಯಾರಿಸುವ, ಬಳಸುವ ಮತ್ತು ಬಳಕೆ ಮುಗಿದ ಮೇಲೆ ವಿಲೇವಾರಿ ಮಾಡುವ ಕ್ರಮಗಳಿಗೆ ಒಟ್ಟಾಗಿ ಈ ಹೆಸರಿದೆ. ಹಸಿರು ಗಣಕ, ಹಸಿರು ಐಟಿ ಎಂಬ ಹೆಸರುಗಳೂ ರೂಢಿಯಲ್ಲಿವೆ. 2008ರಲ್ಲಿ ಸ್ಯಾನ್ ಮುರುಗೇಶನ್ ಇದನ್ನು ವಿನ್ಯಾಸ, ತಯಾರಿಕೆ, ಬಳಕೆ, ವಿಲೇವಾರಿ ಎಂದು ನಾಲ್ಕು ದಾರಿಗಳಾಗಿ ವಿಂಗಡಿಸಿದರು. ಆದರೆ ಜನರ ಗಮನವೂ ಸರ್ಕಾರಗಳ ನಿಯಮವೂ ಮೊದಲು ಹರಿದದ್ದು ಬಳಕೆಯ ಕಡೆಗೇ. ಯಂತ್ರ ಹುಟ್ಟುವಾಗಲೂ ಸಾಯುವಾಗಲೂ ಆಗುವ ಹಾನಿ ಲೆಕ್ಕಕ್ಕೆ ಬಂದದ್ದು ತಡವಾಗಿ, ಅದೂ ಅರೆಮನಸ್ಸಿನಿಂದ.

ಕಂಪ್ಯೂಟರಿಗೆ ಕೊಟ್ಟ ಕರೆಂಟು ಕೊನೆಗೆ ಏನಾಗುತ್ತದೆ ಎಂಬಲ್ಲಿಂದ ಆರಂಭಿಸಿದರೆ ವಿಷಯ ತಿಳಿಯಾಗುತ್ತದೆ. ಪಂಪ್‌ಸೆಟ್ಟು ನೀರನ್ನು ಮೇಲೆತ್ತುತ್ತದೆ, ಹಿಟ್ಟಿನ ಗಿರಣಿ ಕಾಳನ್ನು ಪುಡಿಮಾಡುತ್ತದೆ. ಕಂಪ್ಯೂಟರು ಅಂಥ ಯಾವ ಭಾರವನ್ನೂ ಎತ್ತುವುದಿಲ್ಲ. ಅದರೊಳಕ್ಕೆ ಹೋದ ವಿದ್ಯುತ್ತು ಬಹುತೇಕ ಪೂರ್ತಿಯಾಗಿ ಶಾಖವಾಗಿ ಹೊರಬರುತ್ತದೆ. 500 ವ್ಯಾಟ್ ಎಳೆಯುವ ಸರ್ವರ್ ಇರುವ ಕೋಣೆ 500 ವ್ಯಾಟಿನ ಹೀಟರ್ ಇಟ್ಟ ಕೋಣೆಯಷ್ಟೇ ಬಿಸಿಯಾಗುತ್ತದೆ. ಆ ಬಿಸಿಯನ್ನು ಹೊರಹಾಕಲು ಮತ್ತೆ ವಿದ್ಯುತ್ತು ಬೇಕು. ಲೆಕ್ಕ ಮಾಡಲು ಒಂದು ಸಲ, ಲೆಕ್ಕದಿಂದ ಹುಟ್ಟಿದ ಕಾವನ್ನು ಆರಿಸಲು ಇನ್ನೊಂದು ಸಲ ತೆರಬೇಕಾದ ಈ ಇಮ್ಮಡಿ ಸುಂಕವೇ ಈ ವಿದ್ಯೆಯ ಅರ್ಧ ಕಥೆ.

ಕಾವು ಇಳಿದ ಬಗೆ

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1946ರಲ್ಲಿ ಜಗತ್ತಿಗೆ ಪರಿಚಯವಾದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ನಿರ್ವಾತ ಕೊಳವೆಗಳಿದ್ದವು. ಅದು ಎಳೆಯುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್. ಇಂದಿನ ಮೊಬೈಲೊಂದು ಕೆಲವೇ ವ್ಯಾಟುಗಳಲ್ಲಿ ಅದಕ್ಕಿಂತ ಕೋಟಿಗಟ್ಟಲೆ ಪಟ್ಟು ಕೆಲಸ ಮಾಡುತ್ತದೆ. ಕೊಳವೆಯಿಂದ ಟ್ರಾನ್ಸಿಸ್ಟರಿಗೆ, ಅಲ್ಲಿಂದ ಸಿಲಿಕಾನ್ ಬಿಲ್ಲೆಗೆ ಸಾಗಿದ ದಾರಿಯಲ್ಲಿ ಶಕ್ತಿಯ ಉಳಿತಾಯ ತಾನಾಗಿಯೇ ಕೂಡಿಬಂತು. ಇದರ ಗುಟ್ಟನ್ನು 1974ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು ಸೂತ್ರವಾಗಿ ಬರೆದಿಟ್ಟರು. ಟ್ರಾನ್ಸಿಸ್ಟರು ಚಿಕ್ಕದಾದಷ್ಟೂ ಅದಕ್ಕೆ ಕೊಡಬೇಕಾದ ವೋಲ್ಟೇಜನ್ನು ಇಳಿಸಬಹುದು. ಚಿಪ್ಪು ನುಂಗುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜು ಅರ್ಧಕ್ಕಿಳಿದರೆ ಖರ್ಚು ಕಾಲು ಭಾಗಕ್ಕಿಳಿಯುತ್ತದೆ. 5 ವೋಲ್ಟಿನಿಂದ 1 ವೋಲ್ಟಿನ ಆಸುಪಾಸಿಗೆ ಇಳಿದುಬಂದ ಚಿಪ್ಪುಗಳ ಚರಿತ್ರೆಯೆಲ್ಲ ಈ ಒಂದು ಸಂಬಂಧದ ಮೇಲೆ ನಿಂತಿದೆ. ಒಂದು ಜೂಲ್ ಶಕ್ತಿಯಲ್ಲಿ ಮಾಡಬಹುದಾದ ಲೆಕ್ಕಗಳ ಸಂಖ್ಯೆ 1946ರಿಂದ ಸುಮಾರು ಒಂದೂವರೆ ವರ್ಷಕ್ಕೊಮ್ಮೆ ಇಮ್ಮಡಿಸುತ್ತ ಬಂದಿದೆ ಎಂದು ಜೊನಾಥನ್ ಕೂಮಿ ತಂಡ 2011ರಲ್ಲಿ ತೋರಿಸಿತು.

ಮಿತವ್ಯಯದ ಚಿಪ್ಪುಗಳಲ್ಲಿ ಹೆಸರಾದ ಆರ್ಮ್ ಪ್ರೊಸೆಸರಿನ ಹುಟ್ಟಿನಲ್ಲಿ ಒಂದು ಘಟನೆಯಿದೆ. 1985ರ ಏಪ್ರಿಲಿನಲ್ಲಿ ಕೇಂಬ್ರಿಜ್‌ನ ಏಕಾರ್ನ್ ಕಂಪನಿಯಲ್ಲಿ ಮೊದಲ ಆರ್ಮ್ ಚಿಪ್ಪನ್ನು ಪರೀಕ್ಷಿಸಿದಾಗ ಅದು ಸರಿಯಾಗಿ ಕೆಲಸ ಮಾಡಿತು, ಆದರೆ ಅಮ್ಮೀಟರಿನ ಮುಳ್ಳು ಸೊನ್ನೆಯ ಮೇಲೇ ನಿಂತಿತ್ತು. ನೋಡಿದರೆ ಚಿಪ್ಪಿಗೆ ವಿದ್ಯುತ್ತಿನ ಸಂಪರ್ಕವೇ ಆಗಿರಲಿಲ್ಲ. ಸಂಕೇತದ ತಂತಿಗಳಿಂದ ಒಸರಿ ಬಂದಷ್ಟರಲ್ಲೇ ಅದು ನಡೆಯುತ್ತಿತ್ತು. ಅಗ್ಗದ ಪ್ಲಾಸ್ಟಿಕ್ ಕವಚ ಕರಗದಿರಲಿ ಎಂಬ ಒಂದೇ ಕಾರಣಕ್ಕೆ ಅದನ್ನು ಒಂದು ವ್ಯಾಟಿನೊಳಗೆ ಹಿಡಿದಿಡಬೇಕೆಂದು ವಿನ್ಯಾಸಕಾರರಾದ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಹಟಹಿಡಿದಿದ್ದರು. ಆ ಮನೆತನದ ಚಿಪ್ಪುಗಳೇ ಇಂದು ಬಹುತೇಕ ಎಲ್ಲ ಮೊಬೈಲುಗಳಲ್ಲಿವೆ.

ಡೆನಾರ್ಡ್ ತೋರಿಸಿದ ದಾರಿ 2005ರ ಹೊತ್ತಿಗೆ ಮುಗಿಯಿತು. ಟ್ರಾನ್ಸಿಸ್ಟರುಗಳು ತೀರ ಕಿರಿದಾದಾಗ, ಸ್ವಿಚ್ಚು ಆರಿದ್ದರೂ ವಿದ್ಯುತ್ತು ಸೋರತೊಡಗಿತು. ವೋಲ್ಟೇಜನ್ನು ಇನ್ನು ಇಳಿಸುವಂತಿರಲಿಲ್ಲ. ಒಂದೇ ಪ್ರೊಸೆಸರಿನ ವೇಗ ಹೆಚ್ಚಿಸುವುದನ್ನು ಬಿಟ್ಟು, ಒಂದು ಚಿಪ್ಪಿನಲ್ಲಿ ಹಲವು ತಿರುಳುಗಳನ್ನು ಕೂರಿಸುವ ಪದ್ಧತಿ ಬಂದದ್ದು ಇದರಿಂದಲೇ. ಅಲ್ಲಿಂದಾಚೆಗೆ ಉಳಿತಾಯ ಬಿಟ್ಟಿಯಾಗಿ ಸಿಗುವುದು ನಿಂತು, ದುಡಿದು ಗಳಿಸಬೇಕಾದದ್ದಾಯಿತು. ಸೂಪರ್ ಕಂಪ್ಯೂಟರುಗಳನ್ನು ವೇಗದ ಬದಲು ಮಿತವ್ಯಯದಿಂದ ಅಳೆಯುವ ಗ್ರೀನ್500 ಪಟ್ಟಿ 2007ರ ನವೆಂಬರಿನಲ್ಲಿ ಶುರುವಾಯಿತು. ಆಗ ಮೊದಲ ಸ್ಥಾನದ ಯಂತ್ರ ಒಂದು ವ್ಯಾಟಿಗೆ ಸೆಕೆಂಡಿಗೆ ಸುಮಾರು 36 ಕೋಟಿ ಲೆಕ್ಕ ಮಾಡುತ್ತಿತ್ತು. 2024ರಲ್ಲಿ ಜರ್ಮನಿಯ ಜೆಡೈ ಯಂತ್ರ 7,200 ಕೋಟಿಯನ್ನು ದಾಟಿತು.

ಕಿತ್ತೂರಿನ ಎಕ್ಸ್‌ಚೇಂಜ್

ಹಸಿರು ಎಂಬ ವಿಶೇಷಣ ಇನ್ನೂ ಹುಟ್ಟದಿದ್ದ ಕಾಲದಲ್ಲಿ ಕರ್ನಾಟಕದ ನೆಲದಲ್ಲಿ ನಡೆದ ಒಂದು ಪ್ರಯೋಗವನ್ನು ಇಲ್ಲಿ ವಿವರವಾಗಿ ಹೇಳಬೇಕು. 1984ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ದೂರಸಂಪರ್ಕ ಸಂಶೋಧನೆಗಾಗಿ ಸಿ-ಡಾಟ್ ಸಂಸ್ಥೆಯನ್ನು ಸ್ಥಾಪಿಸಿತು. ದೂರಸಂಪರ್ಕ ತಜ್ಞ ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಪ್ರೇರಕರು. ಆಗ ವಿದೇಶಗಳಿಂದ ಬರುತ್ತಿದ್ದ ಡಿಜಿಟಲ್ ದೂರವಾಣಿ ಎಕ್ಸ್‌ಚೇಂಜುಗಳು ಹವಾನಿಯಂತ್ರಿತ ಕೋಣೆಯನ್ನು, ದೂಳಿಲ್ಲದ ಗಾಳಿಯನ್ನು, ತಪ್ಪದ ವಿದ್ಯುತ್ತನ್ನು ಬೇಡುತ್ತಿದ್ದವು. ನಮ್ಮ ಹಳ್ಳಿಗಳಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಸಿ-ಡಾಟ್ ಎಂಜಿನಿಯರುಗಳು ಕಡಿಮೆ ವಿದ್ಯುತ್ತು ಬೇಡುವ ಬಿಡಿಭಾಗಗಳನ್ನು ಆರಿಸಿ, ಯಂತ್ರದೊಳಗೆ ಹುಟ್ಟುವ ಕಾವನ್ನೇ ತಗ್ಗಿಸಿ, ಬರಿಯ ಗಾಳಿಯ ಓಡಾಟದಿಂದ ತಣ್ಣಗಾಗುವ 128 ಸಾಲುಗಳ ಗ್ರಾಮೀಣ ಎಕ್ಸ್‌ಚೇಂಜನ್ನು ರೂಪಿಸಿದರು. 1986ರಲ್ಲಿ ಅದು ಮೊದಲು ಕೆಲಸ ಶುರುಮಾಡಿದ್ದು ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ. ಅಂಥ ಸಾವಿರಾರು ಪೆಟ್ಟಿಗೆಗಳು ಮುಂದೆ ದೇಶದ ಊರೂರುಗಳನ್ನು ಸೇರಿದವು.

ಪರಿಸರದ ಹೆಸರಿನಲ್ಲಿ ಇದನ್ನು ಮಾಡಿದ್ದಲ್ಲ. ಬಡತನವೂ ಬಿಸಿಲೂ ಒಡ್ಡಿದ ಷರತ್ತಿಗೆ ಕೊಟ್ಟ ಉತ್ತರ ಅದು. ಆದರೂ ಬಂದ ಕಾವನ್ನು ಏಸಿ ಹಾಕಿ ಅಟ್ಟುವುದಕ್ಕಿಂತ ಕಾವೇ ಹುಟ್ಟದಂತೆ ನೋಡಿಕೊಳ್ಳುವುದು ಮೇಲೆಂಬ ಅದರ ತತ್ವ ಇಂದಿನ ಯಾವ ಹಸಿರು ಪ್ರಮಾಣಪತ್ರಕ್ಕೂ ಕಡಿಮೆಯದಲ್ಲ. ಕಟ್ಟಡಗಳ ವಿಷಯದಲ್ಲಿ ಇದೇ ಬಗೆಯ ಯೋಚನೆಯನ್ನು ಇನ್ಫೋಸಿಸ್ 2011ರಲ್ಲಿ ತನ್ನ ಹೈದರಾಬಾದ್ ಆವರಣದಲ್ಲಿ ಪರೀಕ್ಷಿಸಿತು. ಒಂದೇ ಕಟ್ಟಡದ ಅರ್ಧಕ್ಕೆ ಮಾಮೂಲಿ ಹವಾನಿಯಂತ್ರಣ, ಇನ್ನರ್ಧಕ್ಕೆ ಕಾಂಕ್ರೀಟ್ ತಾರಸಿಯೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ. ಎರಡನೆಯ ಪಾಲು ತಂಪಿಗಾಗಿ ಮೊದಲನೆಯದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ವಿದ್ಯುತ್ತು ಬಳಸಿತು.

ಮುದ್ರೆಗಳು, ನಿಯಮಗಳು

1992ರಲ್ಲಿ ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆ ಎನರ್ಜಿ ಸ್ಟಾರ್ ಮುದ್ರೆಯನ್ನು ಜಾರಿಗೆ ತಂದಾಗ ಅದನ್ನು ಮೊದಲು ಪಡೆದವು ಕಂಪ್ಯೂಟರು ಮತ್ತು ಅದರ ಪರದೆಗಳೇ. ಸ್ವೀಡನ್ನಿನ ಟಿಸಿಒ ಮುದ್ರೆಯೂ ಅದೇ ವರ್ಷದ್ದು. ಬಳಸುವವರಿಲ್ಲದಾಗ ಯಂತ್ರ ನಿದ್ದೆಗೆ ಜಾರುವ ಸೌಲಭ್ಯ ಮನೆಮನೆಗೆ ಬಂದದ್ದು ಇವುಗಳ ಒತ್ತಾಯದಿಂದ. ಪರದೆಯ ಮೇಲೆ ಮೀನು, ಹೂವು ತೇಲಿಸುವ ಸ್ಕ್ರೀನ್ ಸೇವರುಗಳು ವಿದ್ಯುತ್ತು ಉಳಿಸುತ್ತವೆಂಬ ನಂಬಿಕೆ ನಮ್ಮ ಕಚೇರಿಗಳಲ್ಲಿ ಬಹುಕಾಲ ಉಳಿಯಿತು. ಅವು ಹುಟ್ಟಿದ್ದು ಹಳೆಯ ಗಾಜಿನ ಪರದೆಗಳ ಮೇಲೆ ಅಚ್ಚು ಮೂಡದಿರಲೆಂದು, ಉಳಿತಾಯಕ್ಕಲ್ಲ. ಲೆಕ್ಕ ಹಾಕಿ ನೋಡಬಹುದು: 60 ವ್ಯಾಟಿನ ಕಂಪ್ಯೂಟರೊಂದು ದಿನಕ್ಕೆ 14 ಗಂಟೆ ಸುಮ್ಮನೆ ಉರಿದರೆ ವರ್ಷಕ್ಕೆ 300 ಯೂನಿಟ್ ಮೀರುತ್ತದೆ. ಭಾರತದ ಗ್ರಿಡ್ಡಿನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುವುದರಿಂದ, ಯಾರೂ ಮುಟ್ಟದ ಆ ಯಂತ್ರದ ಪಾಲಿಗೆ 200 ಕಿಲೋಗೂ ಹೆಚ್ಚು ಹೊಗೆ.

ಉಪಕರಣ ಆರಿದ್ದರೂ ಪ್ಲಗ್ಗಿನಲ್ಲಿ ಇರುವಾಗ ಹೀರುವ ವಿದ್ಯುತ್ತನ್ನು ಒಂದು ವ್ಯಾಟಿಗೆ ಮಿತಿಗೊಳಿಸಬೇಕೆಂದು ಅಮೆರಿಕದ ಅಲನ್ ಮಯರ್ 1990ರ ದಶಕದ ಕೊನೆಯಲ್ಲಿ ಸೂಚಿಸಿದ್ದರು. ಐರೋಪ್ಯ ಒಕ್ಕೂಟ 2010ರಿಂದ ಅದನ್ನು ಕಾನೂನಾಗಿಸಿತು. ವಿಷವಸ್ತುಗಳ ವಿಚಾರದಲ್ಲೂ ದಾರಿ ತೋರಿಸಿದ್ದು ಯೂರೋಪೇ. ಸೀಸ, ಪಾದರಸ, ಕ್ಯಾಡ್ಮಿಯಂ ಮೊದಲಾದ ಆರು ವಸ್ತುಗಳನ್ನು ಎಲೆಕ್ಟ್ರಾನಿಕ್ ಸಾಧನಗಳಲ್ಲಿ ನಿರ್ಬಂಧಿಸಿದ ಅದರ ರೋಹ್ಸ್ ನಿಯಮ 2006ರ ಜುಲೈ 1ರಿಂದ ಜಾರಿಗೆ ಬಂತು. ಮಾರುಕಟ್ಟೆ ದೊಡ್ಡದಾದ್ದರಿಂದ ಜಗತ್ತಿನ ಬಹುತೇಕ ತಯಾರಕರು ಸೀಸವಿಲ್ಲದ ಬೆಸುಗೆಗೆ ಹೊರಳಿದರು.

ದತ್ತಾಂಶ ಕೇಂದ್ರಗಳ ಹಸಿವು

ಕಡತಗಳೂ ಚಿತ್ರಗಳೂ ಮೋಡಕ್ಕೆ ಹೋದವು ಎನ್ನುತ್ತೇವೆ. ಅವು ಹೋಗಿ ಸೇರುವುದು ಕಿಟಕಿಗಳಿಲ್ಲದ, ಡೀಸೆಲ್ ಜನರೇಟರುಗಳ ಸಾಲಿರುವ ದೊಡ್ಡ ಗೋದಾಮುಗಳನ್ನು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜಿನಂತೆ 2024ರಲ್ಲಿ ಜಗತ್ತಿನ ದತ್ತಾಂಶ ಕೇಂದ್ರಗಳು ಬಳಸಿದ ವಿದ್ಯುತ್ತು ಸುಮಾರು 41,500 ಕೋಟಿ ಯೂನಿಟ್, ಜಗತ್ತಿನ ಒಟ್ಟು ಬಳಕೆಯ ನೂರಕ್ಕೆ ಒಂದೂವರೆ ಪಾಲು. 2030ರ ಹೊತ್ತಿಗೆ ಇದು 94,500 ಕೋಟಿಯಷ್ಟಾಗಬಹುದೆಂದು ಅದೇ ಸಂಸ್ಥೆ ಹೇಳುತ್ತದೆ.

ಕೇಂದ್ರದೊಳಕ್ಕೆ ಬಂದ ಒಟ್ಟು ವಿದ್ಯುತ್ತನ್ನು ಕಂಪ್ಯೂಟರುಗಳಿಗೆ ಮುಟ್ಟಿದ ವಿದ್ಯುತ್ತಿನಿಂದ ಭಾಗಿಸಿದರೆ ಬರುವ ಸಂಖ್ಯೆಗೆ ಪಿಯುಇ ಎನ್ನುತ್ತಾರೆ. ಅದು 1 ಆದರೆ ಒಂದಿಷ್ಟೂ ಪೋಲಾಗಿಲ್ಲವೆಂದು ಅರ್ಥ. 2007ರ ಸುಮಾರಿಗೆ ಈ ಸರಾಸರಿ 2.5 ಇತ್ತು, ಎಂದರೆ ಲೆಕ್ಕಕ್ಕೆ ಒಂದು ಯೂನಿಟ್ ಹೋದರೆ ತಂಪಿಗೆ ಮತ್ತು ಇತರ ಖರ್ಚಿಗೆ ಒಂದೂವರೆ. ಈಗ ಸರಾಸರಿ 1.6ರ ಆಸುಪಾಸಿನಲ್ಲಿದೆ, ಗೂಗಲ್‌ನಂಥ ಕಂಪನಿಗಳು ತಮ್ಮದು 1.1 ಎನ್ನುತ್ತವೆ. ಬಿಸಿಗಾಳಿ ಮತ್ತು ತಣ್ಣನೆಯ ಗಾಳಿ ಬೆರೆಯದಂತೆ ಕಪಾಟುಗಳ ಸಾಲುಗಳನ್ನು ಎದುರುಬದುರು ಜೋಡಿಸುವುದು, ಕೋಣೆಯನ್ನು ಅನಗತ್ಯವಾಗಿ ಕೊರೆಯುವಷ್ಟು ತಂಪಾಗಿಡದಿರುವುದು, ಚಿಪ್ಪಿನ ಮೇಲೇ ದ್ರವ ಹರಿಸುವುದು, ಅರೆಕೆಲಸದಲ್ಲಿರುವ ಹತ್ತು ಸರ್ವರುಗಳ ಹೊರೆಯನ್ನು ಎರಡಕ್ಕೆ ಹೊರಿಸಿ ಉಳಿದವನ್ನು ಆರಿಸುವುದು ಇವೆಲ್ಲ ಈ ಇಳಿಕೆಗೆ ಕಾರಣ. ಗೂಗಲ್ 2011ರಲ್ಲಿ ಫಿನ್ಲೆಂಡಿನ ಹಮೀನಾದಲ್ಲಿ ಹಳೆಯ ಕಾಗದದ ಕಾರ್ಖಾನೆಯೊಂದನ್ನು ಕೇಂದ್ರವಾಗಿಸಿ ಸಮುದ್ರದ ನೀರಿನಿಂದ ತಂಪುಗೊಳಿಸಿತು. ಫೇಸ್‌ಬುಕ್ 2013ರಲ್ಲಿ ಸ್ವೀಡನ್ನಿನ ಲೂಲಿಯೊ ಊರಿನ ಶೀತಲ ಗಾಳಿಯನ್ನು ನೆಚ್ಚಿತು.

ಆದರೆ ಈ ಅಳತೆಗೋಲಿನ ಕುರುಡುತನವನ್ನೂ ಹೇಳಬೇಕು. ಒಳಗಿನ ಕಂಪ್ಯೂಟರು ಮಾಡುತ್ತಿರುವ ಕೆಲಸ ಬೇಕಾದದ್ದೇ ಎಂದು ಅದು ಕೇಳುವುದಿಲ್ಲ. ನೀರಿನ ಖರ್ಚನ್ನೂ ಅದು ಕಾಣುವುದಿಲ್ಲ: ನೀರನ್ನು ಆವಿಯಾಗಿಸಿ ತಂಪು ಪಡೆದರೆ ಪಿಯುಇ ಸುಂದರವಾಗಿ ಕಾಣುತ್ತದೆ, ಕೊಳಾಯಿ ಒಣಗುತ್ತದೆ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಪಂಪು ಮಾಡಿ ತರುವ ಬೆಂಗಳೂರಿನಂಥ ನಗರದಲ್ಲಿ ಪ್ರತಿ ಲೀಟರಿನೊಳಗೂ ವಿದ್ಯುತ್ತು ಅಡಗಿದೆ. ಅಲ್ಲಿ ನೀರು ಸುರಿದು ಕರೆಂಟು ಉಳಿಸಿದೆವೆಂದರೆ ಆ ಲೆಕ್ಕ ಪೂರ್ತಿಯಾದದ್ದಲ್ಲ.

ಮಿತವ್ಯಯವೇ ಬಳಕೆಯನ್ನು ಹೆಚ್ಚಿಸಬಹುದೆಂಬ ಮಾತೂ ಹಳೆಯದು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಕಲ್ಲಿದ್ದಲಿನ ಬಗ್ಗೆ ಬರೆಯುತ್ತ, ಉಗಿಯಂತ್ರ ಮಿತವ್ಯಯಿಯಾದಷ್ಟೂ ಇದ್ದಲಿನ ಒಟ್ಟು ಬಳಕೆ ಹೆಚ್ಚುತ್ತದೆಂದು ಎಚ್ಚರಿಸಿದ್ದರು. ಕಂಪ್ಯೂಟರಿಗೆ ಈ ಮಾತು ಒಂದು ದಶಕದ ಮಟ್ಟಿಗೆ ಅನ್ವಯಿಸಲಿಲ್ಲ. 2010ರಿಂದ 2018ರವರೆಗೆ ದತ್ತಾಂಶ ಕೇಂದ್ರಗಳ ಕೆಲಸ ಆರೂವರೆ ಪಟ್ಟಾದರೂ ವಿದ್ಯುತ್ ಬಳಕೆ ನೂರಕ್ಕೆ 6ರಷ್ಟು ಮಾತ್ರ ಹೆಚ್ಚಿತೆಂದು 2020ರಲ್ಲಿ ಎರಿಕ್ ಮಸಾನೆಟ್ ತಂಡ ಲೆಕ್ಕಹಾಕಿತು. ಕೃತಕ ಬುದ್ಧಿಮತ್ತೆ ಬಂದ ಮೇಲೆ ಆ ಸಮತೋಲನ ಕದಡಿದೆ. ಜಿಪಿಟಿ-3 ಭಾಷಾ ಮಾದರಿಯ ತರಬೇತಿಯೊಂದಕ್ಕೇ ಸುಮಾರು 13 ಲಕ್ಷ ಯೂನಿಟ್ ಖರ್ಚಾಯಿತೆಂಬ ಅಂದಾಜಿದೆ. ಅದರ ನಂತರದ ಮಾದರಿಗಳು ಇನ್ನೂ ಹಿರಿಯವು. ಐರ್ಲೆಂಡಿನಲ್ಲಿ 2023ರಲ್ಲಿ ಮೀಟರಿಗೆ ಬಂದ ವಿದ್ಯುತ್ತಿನ ನೂರಕ್ಕೆ 21 ಪಾಲನ್ನು ದತ್ತಾಂಶ ಕೇಂದ್ರಗಳೇ ಬಳಸಿದವು.

ಹೆಚ್ಚುತ್ತಿರುವ ಈ ಹಸಿವಿಗೆ ಕಂಪನಿಗಳ ಉತ್ತರ ಸೌರ ಮತ್ತು ಪವನ ವಿದ್ಯುತ್ತು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವ್ಯಾಟ್ ಸೌರ ಉದ್ಯಾನವನ್ನು ಕಂಡವರಿಗೆ ಬಿಸಿಲಿನ ಶಕ್ತಿಯ ಬಗ್ಗೆ ಅನುಮಾನ ಉಳಿಯದು. ಆದರೆ ಸೂರ್ಯ ಸಂಜೆ ಮುಳುಗುತ್ತಾನೆ, ಸರ್ವರು ರಾತ್ರಿಯಿಡೀ ಓಡುತ್ತದೆ. ವರ್ಷದಲ್ಲಿ ಬಳಸಿದಷ್ಟು ಯೂನಿಟ್ಟನ್ನು ವರ್ಷದಲ್ಲಿ ಕೊಂಡುಬಿಟ್ಟೆವೆಂಬ ಲೆಕ್ಕಕ್ಕೂ, ಪ್ರತಿ ಗಂಟೆಯ ಬಳಕೆಗೆ ಆ ಗಂಟೆಯಲ್ಲೇ ಹುಟ್ಟಿದ ಶುದ್ಧ ವಿದ್ಯುತ್ತನ್ನು ಹೊಂದಿಸುವ ಲೆಕ್ಕಕ್ಕೂ ಅಜಗಜಾಂತರ. ಗೂಗಲ್ 2017ರಲ್ಲಿ ಮೊದಲನೆಯದನ್ನು ಸಾಧಿಸಿತು. ಎರಡನೆಯದನ್ನು 2030ರ ಗುರಿಯೆಂದು 2020ರಲ್ಲಿ ಸಾರಿತು.

ಟವರುಗಳು, ತಂತ್ರಾಂಶ

ಮೊಬೈಲ್ ಜಾಲದ ವಿದ್ಯುತ್ತಿನಲ್ಲಿ ಸಿಂಹಪಾಲು ಟವರುಗಳದ್ದು. ಭಾರತದಲ್ಲಿ ಅವುಗಳ ಸಂಖ್ಯೆ ಏಳು ಲಕ್ಷ ಮೀರಿದೆ. ಕರೆಂಟು ಹೋದಾಗ ಹಳ್ಳಿಯ ಟವರಿನ ಬುಡದಲ್ಲಿ ಗುಡುಗುಟ್ಟುವ ಜನರೇಟರು ಒಂದು ಲೀಟರ್ ಡೀಸೆಲಿಗೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಗುಳುತ್ತದೆ. ದೂರಸಂಪರ್ಕ ಪ್ರಾಧಿಕಾರದ ಶಿಫಾರಸಿನ ಮೇಲೆ 2012ರಲ್ಲಿ ಕೇಂದ್ರದ ದೂರಸಂಪರ್ಕ ಇಲಾಖೆ, 2015ರೊಳಗೆ ಗ್ರಾಮೀಣ ಟವರುಗಳಲ್ಲಿ ಅರ್ಧದಷ್ಟಾದರೂ ನವೀಕರಿಸಬಹುದಾದ ಮತ್ತು ಗ್ರಿಡ್ ವಿದ್ಯುತ್ತಿನ ಮಿಶ್ರಣದಲ್ಲಿ ನಡೆಯಬೇಕೆಂದು ಸೂಚಿಸಿತು. ಡೀಸೆಲು ತಗ್ಗಿದ್ದಕ್ಕೆ ಈ ಆದೇಶದ ಜೊತೆಗೆ ಲಿಥಿಯಂ ಬ್ಯಾಟರಿ, ಕೋಣೆಯೂ ಏಸಿಯೂ ಬೇಡದೆ ಬಯಲಿನಲ್ಲೇ ನಿಲ್ಲುವ ಉಪಕರಣಗಳು, ಹಳ್ಳಿಗಳಿಗೆ ಸುಧಾರಿಸಿದ ವಿದ್ಯುತ್ ಪೂರೈಕೆ ಇವೂ ಕಾರಣವಾದವು.

ತಂತ್ರಾಂಶದ ಪಾತ್ರ ಕಣ್ಣಿಗೆ ಕಾಣದ್ದು. ಎಥೀರಿಯಂ ಎಂಬ ಡಿಜಿಟಲ್ ನಾಣ್ಯದ ಜಾಲ 2022ರ ಸೆಪ್ಟೆಂಬರಿನಲ್ಲಿ ವ್ಯವಹಾರಗಳನ್ನು ದೃಢೀಕರಿಸುವ ವಿಧಾನವನ್ನು ಬದಲಿಸಿತು. ಲಕ್ಷಾಂತರ ಯಂತ್ರಗಳು ಒಗಟು ಬಿಡಿಸಲು ಪೈಪೋಟಿ ಮಾಡುತ್ತಿದ್ದುದು ನಿಂತು, ಜಾಲದ ವಿದ್ಯುತ್ ಬಳಕೆ ನೂರಕ್ಕೆ 99ಕ್ಕಿಂತ ಹೆಚ್ಚು ಇಳಿಯಿತು. 2017ರಲ್ಲಿ ಪೋರ್ಚುಗಲ್ಲಿನ ಸಂಶೋಧಕರು 27 ಪ್ರೋಗ್ರಾಮಿಂಗ್ ಭಾಷೆಗಳನ್ನು ತೂಗಿ ನೋಡಿದಾಗ, ಕೆಲವು ಮಾದರಿ ಲೆಕ್ಕಗಳಿಗೆ ಸಿ ಭಾಷೆ ಖರ್ಚು ಮಾಡಿದ ಶಕ್ತಿಯ 70 ಪಟ್ಟಿಗೂ ಹೆಚ್ಚನ್ನು ಪೈಥಾನ್ ನುಂಗಿತ್ತು. ಇದನ್ನು ಕೇಳಿ ಎಲ್ಲವನ್ನೂ ಸಿ ಭಾಷೆಯಲ್ಲಿ ಬರೆಯಲು ಹೊರಡಬೇಕಿಲ್ಲ. ಕೋಟ್ಯಂತರ ಸಲ ಓಡುವ ಭಾಗ ಯಾವುದೆಂದು ಗುರುತಿಸಿ ಅದನ್ನಷ್ಟೇ ತಿದ್ದಿದರೆ ಸಾಕಾಗುತ್ತದೆ. ತಂತ್ರಾಂಶ ಮಾಡುವ ದೊಡ್ಡ ಹಾನಿ ಬೇರೆಯದು. ಹೊಸ ಆವೃತ್ತಿ ಹಳೆಯ ಫೋನಿನಲ್ಲಿ ಓಡದಂತಾದ ದಿನವೇ ಗಟ್ಟಿಮುಟ್ಟಾದ ಆ ಫೋನು ಕಸವಾಗುತ್ತದೆ.

ಹುಟ್ಟಿನ ಋಣ

ಸ್ಮಾರ್ಟ್‌ಫೋನೊಂದರ ಜೀವಮಾನದ ಇಂಗಾಲದ ಹೊರೆಯಲ್ಲಿ ಬಹುಪಾಲು ಅದು ಅಂಗಡಿಗೆ ಬರುವ ಮೊದಲೇ ಸೇರಿರುತ್ತದೆ. ಚಾರ್ಜು ಮಾಡಲು ವರ್ಷವಿಡೀ ಬೇಕಾಗುವ ವಿದ್ಯುತ್ತು ಕೆಲವೇ ಯೂನಿಟ್; ತಯಾರಿಕೆಯ ಋಣ ಅದರ ಹಲವು ಪಟ್ಟು. ಲ್ಯಾಪ್‌ಟಾಪಿನ ಕಥೆಯೂ ಹೆಚ್ಚುಕಡಿಮೆ ಹೀಗೇ. ಚಿಪ್ಪಿನ ಕಾರ್ಖಾನೆಗೆ ಹಗಲಿರುಳೂ ದೂಳಿಲ್ಲದ ಗಾಳಿ, ಅತಿಶುದ್ಧ ನೀರು ಬೇಕು. ಅಲ್ಲಿ ಬಳಸುವ ನೈಟ್ರೋಜನ್ ಟ್ರೈಫ್ಲೋರೈಡಿನಂಥ ಅನಿಲಗಳು ಇಂಗಾಲದ ಡೈಆಕ್ಸೈಡಿಗಿಂತ ಸಾವಿರಾರು ಪಟ್ಟು ಕಾವು ಹಿಡಿಯುತ್ತವೆ. ಸಿಲಿಕಾನ್ ಕಣಿವೆಯ ನೆಲದೊಳಕ್ಕೆ ಇಳಿದ ದ್ರಾವಕಗಳು 1980ರ ದಶಕದ ಆರಂಭದಲ್ಲಿ ಕುಡಿಯುವ ನೀರಿನಲ್ಲಿ ಪತ್ತೆಯಾದವು. ಅಮೆರಿಕದ ಅತಿ ಮಲಿನ ತಾಣಗಳ ಸರ್ಕಾರಿ ಪಟ್ಟಿಯಲ್ಲಿ ಬೇರಾವ ಕೌಂಟಿಗಿಂತ ಹೆಚ್ಚು ಜಾಗಗಳು ಇಂದಿಗೂ ಆ ಕಣಿವೆಯಿರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿವೆ.

ಹೀಗಿರುವಾಗ ನಾಲ್ಕು ವ್ಯಾಟ್ ಉಳಿಸುವ ಹೊಸ ಯಂತ್ರಕ್ಕಾಗಿ ನಡೆಯುತ್ತಿರುವ ಹಳೆಯದನ್ನು ಎಸೆಯುವುದು ಸಾಮಾನ್ಯವಾಗಿ ನಷ್ಟದ ವ್ಯಾಪಾರ. ಮೂರು ವರ್ಷಕ್ಕೆ ಮುಗಿಯುವ ಫೋನನ್ನು ಆರು ವರ್ಷ ನಡೆಸಿದರೆ ಅದರ ಹುಟ್ಟಿನ ಋಣ ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಇಷ್ಟು ಸುಲಭದಲ್ಲಿ ಇಷ್ಟು ಉಳಿತಾಯ ಕೊಡುವ ತಂತ್ರಜ್ಞಾನ ಬೇರೊಂದಿಲ್ಲ. ನೆದರ್ಲೆಂಡ್ಸಿನ ಫೇರ್‌ಫೋನ್ 2013ರಿಂದ, ಬಳಸುವವರೇ ಬಿಚ್ಚಿ ರಿಪೇರಿ ಮಾಡಬಹುದಾದ ಫೋನಿನ ಆದರ್ಶವನ್ನು ಹಿಡಿದು ಬಂದಿದೆ. 2024ರ ಡಿಸೆಂಬರಿನಿಂದ ಯೂರೋಪಿನಲ್ಲಿ ಮಾರುವ ಫೋನುಗಳಿಗೆಲ್ಲ ಒಂದೇ ಬಗೆಯ ಚಾರ್ಜರ್ ಕಿಂಡಿ ಕಡ್ಡಾಯವಾಗಿದೆ. ಭಾರತ ಸರ್ಕಾರ 2022ರಲ್ಲಿ ರಿಪೇರಿಯ ಹಕ್ಕಿನ ಪೋರ್ಟಲನ್ನು ತೆರೆಯಿತು. ಬೆಂಗಳೂರಿನ ಎಸ್.ಪಿ. ರಸ್ತೆಯ ಇಕ್ಕಟ್ಟಾದ ಅಂಗಡಿಗಳಲ್ಲಿ ಕಾನೂನಿನ ಹಂಗಿಲ್ಲದೆ ಈ ಕೆಲಸ ದಶಕಗಳಿಂದ ನಡೆದಿದೆ: ಒಂದು ಸತ್ತ ಬೋರ್ಡಿನ ಕೆಪಾಸಿಟರ್ ಇನ್ನೊಂದಕ್ಕೆ ಜೀವ ಕೊಡುತ್ತದೆ, ಹಳೆಯ ರ‍್ಯಾಮ್ ಹೊಸ ಮನೆ ಸೇರುತ್ತದೆ. ಹಸಿರು ತಂತ್ರಜ್ಞಾನದ ಗ್ರಂಥಗಳಲ್ಲಿ ಬೆಸುಗೆ ಕಡ್ಡಿ ಹಿಡಿದ ಆ ಕೈಗಳಿಗೆ ಸಿಗಬೇಕಾದ ಜಾಗ ಇನ್ನೂ ಸಿಕ್ಕಿಲ್ಲ.

ಇ-ತ್ಯಾಜ್ಯ

2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಎಲೆಕ್ಟ್ರಾನಿಕ್ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದ ದಾಖಲೆ ಇರುವುದು ನೂರಕ್ಕೆ 22.3 ಪಾಲಿಗೆ ಮಾತ್ರ. ಇದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಕೊಟ್ಟ ಲೆಕ್ಕ. ಅಪಾಯಕರ ತ್ಯಾಜ್ಯ ದೇಶದಿಂದ ದೇಶಕ್ಕೆ ಸಾಗುವುದನ್ನು ತಡೆಯಲು 1989ರಲ್ಲಿ ಬಾಸೆಲ್ ಒಪ್ಪಂದವಾದರೂ ಚೀನಾದ ಗ್ವಿಯು, ಘಾನಾದ ಅಗ್ಬೊಗ್ಬ್ಲೊಶಿ, ದೆಹಲಿಯ ಸೀಲಂಪುರಗಳು ಸಿರಿವಂತ ಊರುಗಳ ಹಳೆಯ ಯಂತ್ರಗಳನ್ನು ಬಿಚ್ಚುವ ತಾಣಗಳಾದವು. ತಾಮ್ರಕ್ಕಾಗಿ ವೈರುಗಳನ್ನು ಬಯಲಲ್ಲಿ ಸುಡುವುದು, ಚಿನ್ನಕ್ಕಾಗಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುವುದು, ಇವುಗಳ ಹೊಗೆ ಮತ್ತು ವಿಷ ಮೊದಲು ಸೇರುವುದು ಕೆಲಸ ಮಾಡುವವರ, ಅವರ ಮಕ್ಕಳ ಶ್ವಾಸಕೋಶವನ್ನು.

ಭಾರತದ ಮೊದಲ ಇ-ತ್ಯಾಜ್ಯ ನಿಯಮಗಳು 2011ರಲ್ಲಿ ಹೊರಬಂದು 2012ರ ಮೇ 1ರಿಂದ ಜಾರಿಯಾದವು. 2016ರಲ್ಲಿ ಪರಿಷ್ಕಾರಗೊಂಡವು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಹೊಸ ನಿಯಮದಂತೆ, ಉತ್ಪಾದಕರು ತಾವು ಮಾರಿದ ಸರಕಿನ ನಿಗದಿತ ಪಾಲು ಮರುಬಳಕೆಯಾಗಿದೆಯೆಂದು ನೋಂದಾಯಿತ ಘಟಕಗಳ ಪ್ರಮಾಣಪತ್ರದ ಮೂಲಕ ತೋರಿಸಬೇಕು. ದೇಶದ ಮೊದಮೊದಲ ಅಧಿಕೃತ ಘಟಕಗಳಲ್ಲಿ ಒಂದಾದ ಇ-ಪರಿಸರ ಬೆಂಗಳೂರಿನ ಹೊರವಲಯದ ದಾಬಸ್‌ಪೇಟೆಯಲ್ಲಿ 2005ರಲ್ಲಿ ಆರಂಭವಾಯಿತು. ಇಂಥ ಕಡೆ ಯಂತ್ರಗಳನ್ನು ಮೊದಲು ಕೈಯಿಂದಲೇ ಬಿಚ್ಚಿ, ಗಾಜು, ಪ್ಲಾಸ್ಟಿಕ್, ಲೋಹಗಳನ್ನು ಬೇರ್ಪಡಿಸುತ್ತಾರೆ. ಆದರೆ ಮನೆಬಾಗಿಲಿಗೆ ಬಂದು ಹಣ ಕೊಟ್ಟು ಒಯ್ಯುವವರು ಗುಜರಿಯವರು. ಅವರನ್ನು ಹೊರಗಿಟ್ಟು ಬರೆದ ಯಾವ ನಿಯಮವೂ ಸಂಗ್ರಹಣೆಯಲ್ಲಿ ಗೆದ್ದಿಲ್ಲ. ಆಯುವ ಕೆಲಸ ಅವರಿಗೆ, ಅಪಾಯದ ರಾಸಾಯನಿಕ ಕೆಲಸ ಸುಸಜ್ಜಿತ ಘಟಕಕ್ಕೆ ಎಂದು ಹಂಚಿದಲ್ಲಿ ಫಲ ಕಂಡಿದೆ.

ರಾಯಚೂರಿನ ಹಟ್ಟಿ ಗಣಿಯಲ್ಲಿ ಒಂದು ಟನ್ ಅದಿರನ್ನು ಅರೆದರೆ ಸಿಗುವ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೆಯ ಮೊಬೈಲುಗಳಲ್ಲಿ ಅದರ ಹಲವು ಪಟ್ಟು ಚಿನ್ನವಿದೆ. ಚಿನ್ನ, ತಾಮ್ರಗಳಿಗೆ ಬೆಲೆಯಿರುವುದರಿಂದ ಯಾರಾದರೂ ಹೆಕ್ಕಿ ತೆಗೆಯುತ್ತಾರೆ. ಸ್ಪೀಕರಿನ ಪುಟ್ಟ ಅಯಸ್ಕಾಂತದಲ್ಲಿರುವ ನಿಯೋಡೈಮಿಯಂ, ಪರದೆಯಲ್ಲಿನ ಇಂಡಿಯಂ ತೀರ ಅಲ್ಪ ಪ್ರಮಾಣದಲ್ಲಿ ಹರಡಿಕೊಂಡಿದ್ದು ಅವನ್ನು ಬೇರ್ಪಡಿಸುವ ಖರ್ಚು ಗಿಟ್ಟುವುದಿಲ್ಲ. ಜಗತ್ತಿಗೆ ಬೇಕಾದ, ನಿಯೋಡೈಮಿಯಂನಂಥ ವಿರಳ ಭಸ್ಮ ಧಾತುಗಳಲ್ಲಿ ಇ-ತ್ಯಾಜ್ಯದಿಂದ ಮರಳಿ ಸಿಗುತ್ತಿರುವುದು ನೂರಕ್ಕೆ ಒಂದರಷ್ಟು. ಹಳೆಯ ಯಂತ್ರಗಳೊಳಗೆ ಸೇರಿದ್ದರಲ್ಲಿ ಬಹುಪಾಲು ಮನೆಗಳ ಮೇಜಿನ ಡ್ರಾಯರುಗಳಲ್ಲಿ, ಊರಾಚೆಯ ತಿಪ್ಪೆಗಳಲ್ಲಿ ಇದೆ.